ಕೆರೆಯ ಸಮಾಚಾರ

ಬಾಗಿಲಲ್ಲಿ ಗುಡ್ಡೆಬಿದ್ದಿದ್ದ ಚಪ್ಪಲಿಗಳ ನಡುವೆ ಟೈಲರಮ್ಮ ಬಗ್ಗಿಕೊಂಡು ತನ್ನ ಚಪ್ಪಲಿ ಹುಡುಕುತ್ತಿದ್ದಳು. ಒಂದು ಸಿಕ್ಕಿತ್ತು. ಇನ್ನೊಂದರ ಮೇಲೆ ಯಾರದೋ ದಪ್ಪ ಬೂಟು ಸವಾರಿ ಮಾಡಿತ್ತು. ಅದನ್ನು ಕಾಲಿನಿಂದಲೇ ಅತ್ತ ನೂಕಿ, ಚಪ್ಪಲಿ ಮೆಟ್ಟಿ, ಶಾಲನ್ನು ಹೆಗಲಿಗೆಳೆದುಕೊಂಡಳು. ಒಳಗೆ ಮುಂದಿನ ಕೋಣೆಯ ಮಂಚದ ಮೇಲೆ ಗಂಡನ ದೇಹವಿತ್ತು. ಸುತ್ತ ಕುರ್ಚಿಗಳಲ್ಲಿ ಕೂತವರು ಪಿಸುದನಿಯಲ್ಲಿ ಅವರ ಗುಣಗಾನ ಮಾಡುತ್ತಿದ್ದರು. ಅಷ್ಟು ವರ್ಷ ಬಸ್ಸು ಓಡಿಸಿದರೂ ಒಂದು ಕೋಳಿಗೂ ಚಕ್ರ ತಾಗಿಸಲಿಲ್ಲ ಪುಣ್ಯಾತ್ಮ. ಒಬ್ಬರ ಹತ್ತಿರವೂ ಏರುದನಿಯಲ್ಲಿ ಮಾತಾಡಲಿಲ್ಲ. ನಿನ್ನೆ ಬೆಳಿಗ್ಗೆ ಕೂಡ ಕೆರೆ ತನಕ ನಡೆದು ಬಂದಿದ್ದರಂತೆ, ನೋಡಿ.

ಆ ಕೊನೆಯ ಮಾತೇ ಅವಳನ್ನು ಕುರ್ಚಿಯಿಂದ ಎಬ್ಬಿಸಿದ್ದು.

"ಅಮ್ಮಾ, ಎಲ್ಲಿಗೆ?" ಮಗ ಫೋನನ್ನು ಕಿವಿಯಿಂದ ತೆಗೆಯದೆಯೇ ಕೇಳಿದ.

"ಇಲ್ಲೇ."

"ಇಲ್ಲೇ ಅಂದ್ರೆ?"

"ಇಲ್ಲೇ ಅಂದ್ರೆ ಇಲ್ಲೇ ಕಣೋ. ನಿನ್ನ ತಂಗಿ ರೈಲು ತಡ ಅಂದೆಯಲ್ಲ. ಅವಳು ಬರೋದರೊಳಗೆ ಬಂದುಬಿಡ್ತೀನಿ."

"ಬಂದವರೆಲ್ಲ ಏನಂದ್ಕೋತಾರೆ? ಇವತ್ತೊಂದು ದಿನ ಸುಮ್ಮನೆ ಕೂತ್ಕೋಬಾರದಾ?"

"ಕೂರೋಕೆ ಆಗ್ತಿಲ್ಲ."

ಮಗ ಫೋನನ್ನು ಕಿವಿಯಿಂದ ಇಳಿಸಿದ. ಹೊಲಿಗೆ ಮಿಷನ್ನಿನ ಮುಂದೆ ಅಲುಗಾಡದೆ ಕೂತು ಇಡೀ ಬೀದಿಯ ಮಕ್ಕಳಿಗೆ ಸ್ಕೂಲ್ ಯೂನಿಫಾರ್ಮು ಹೊಲಿದವಳು ಆಡುವ ಮಾತಲ್ಲ ಅದು. ಮನೆಯಲ್ಲಿ ಒಂದು ಕಡೆ ಕೂರಲಾಗದವರು ಅಂತ ಹೆಸರು ಪಡೆದಿದ್ದವರು ಈಗ ಮಂಚದ ಮೇಲಿದ್ದರು.

"ಅತ್ತೆ, ನೀವಾದರೂ ಹೇಳಿ ಇವಳಿಗೆ," ಎಂದು ಮಗ ಒಳಗಿದ್ದ ಸೋದರತ್ತೆಯನ್ನು ಕರೆದ.

ಸತ್ತವರ ತಂಗಿ ಬಾಗಿಲಿಗೆ ಬಂದು ಅತ್ತಿಗೆಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಮೈತುಂಬಿದ ಹೆಂಗಸು, ಮಾತಿನಲ್ಲಿ ಎತ್ತಿದ ಕೈ. ಬೆಳಗಿನಿಂದ ಅತ್ತು ಅತ್ತು ಮೂಗು ಕೆಂಪಾಗಿತ್ತು. "ಹೇಳಿದರೆ ಕೇಳೋ ಪೈಕಿನಾ ನಿಮ್ಮಮ್ಮ? ನೀನು ಒಳಗೆ ನೋಡ್ಕೋ. ನಾನು ಜೊತೆಗೆ ಹೋಗ್ತೀನಿ," ಎಂದವಳೇ ಕೈಗೆ ಸಿಕ್ಕಿದ ಯಾರದೋ ಚಪ್ಪಲಿಗೆ ಕಾಲು ತೂರಿಸಿದಳು.

ಹೊರಗೆ ಹಿತವಾದ ಬಿಸಿಲಿತ್ತು. ಚಳಿಗಾಲವಾದರೂ ಮೈ ನಡುಗಿಸುವ ಚಳಿಯಲ್ಲ; ಶಾಲು ಹೊದ್ದರೆ ಸೆಕೆ, ತೆಗೆದರೆ ತಣ್ಣಗೆ. ಬೀದಿಯ ತುದಿಯಲ್ಲಿ ಟೈಲರಮ್ಮ ಕೈ ಅಡ್ಡ ಹಿಡಿದು ಒಂದು ಆಟೋ ನಿಲ್ಲಿಸಿದಳು.

"ಕೆರೆ ಹತ್ರ," ಎಂದಳು.

ನಾದಿನಿ ಹತ್ತಿ ಕೂತ ಮೇಲೆ ಕೇಳಿದಳು, "ಅತ್ತಿಗೆ, ಈಗ ಹೇಳಿ. ಅಣ್ಣನನ್ನ ಮಂಚದ ಮೇಲೆ ಬಿಟ್ಟು ನಾವು ಕೆರೆಗೆ ಯಾಕೆ ಹೋಗ್ತಿದೀವಿ?"

"ಡಾಕ್ಟರು ಏನಂದ್ರು ಗೊತ್ತಾ?"

*

ಡಾಕ್ಟರು ಬಂದಿದ್ದು ಬೆಳಿಗ್ಗೆ, ಮನೆಯಲ್ಲಿ ಇನ್ನೂ ಜನ ಸೇರುವ ಮೊದಲು. ಅದೇ ಬಡಾವಣೆಯಲ್ಲಿ ಕ್ಲಿನಿಕ್ಕು ಇಟ್ಟುಕೊಂಡಿದ್ದ ವಯಸ್ಸಾದ ಮನುಷ್ಯ. ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ ಮಲಗಿದ ಡ್ರೈವರು ಏಳದೇ ಹೋದಾಗ ಓಡಿ ಬಂದವರೂ ಅವರೇ. ಮಂಚದ ಪಕ್ಕ ಒಂದು ಗಳಿಗೆ ನಿಂತು, ಕನ್ನಡಕ ತೆಗೆದು ಒರೆಸಿಕೊಂಡು, "ಏನೇ ಆಗಲಿ, ಒಂದು ವರ್ಷ ಚೆನ್ನಾಗಿ ತಳ್ಳಿದ್ರು ಕಣಮ್ಮ," ಎಂದರು.

"ಏನನ್ನ ತಳ್ಳಿದ್ರು?"

ಡಾಕ್ಟರು ಅವಳ ಮುಖ ನೋಡಿದರು. ನೋಡಿದ ಮೇಲೆ ಅವರ ಮುಖವೇ ಬದಲಾಯಿತು.

"ಮನೇಲಿ ಹೇಳಿದೀನಿ ಅಂದಿದ್ರಲ್ಲ ನನ್ನ ಹತ್ರ. ಹೃದಯ ಪೂರ್ತಿ ಸೋತುಹೋಗಿತ್ತು. ಮೆಟ್ಟಿಲು ಹತ್ತಬೇಡಿ, ಮನೆ ಸುತ್ತ ಬಿಟ್ಟು ದೂರ ನಡೀಬೇಡಿ ಅಂತ ಕಳೆದ ಚಳಿಗಾಲದಲ್ಲೇ ಹೇಳಿದ್ದೆ."

"ದಿನಾ ಕೆರೆ ತನಕ ಹೋಗಿ ಬರ್ತಿದ್ರಲ್ಲ ಡಾಕ್ಟ್ರೇ?"

"ಕೆರೆ ತನಕವಾ?" ಡಾಕ್ಟರು ಕನ್ನಡಕ ಹಾಕಿಕೊಂಡರು. "ಸಾಧ್ಯವೇ ಇಲ್ಲಮ್ಮ. ಆ ಹೃದಯ ಇಟ್ಕೊಂಡು ಕೆರೆಯ ಅರ್ಧ ದಾರಿಗೂ ಹೋಗೋಕಾಗಲ್ಲ."

ಆಮೇಲೆ ಜನ ಬರತೊಡಗಿದರು. ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಬಂದವರು ಕೈ ಹಿಡಿದರು, ತಲೆ ಸವರಿದರು. ಅವಳು ಎಲ್ಲರ ಮಾತಿಗೂ ಹೂಂಗುಟ್ಟಿದಳು. ಆದರೆ ತಲೆಯೊಳಗೆ ಒಂದೇ ಮಾತು ನೊಣದ ಹಾಗೆ ಸುತ್ತುತ್ತಿತ್ತು: ಹಾಗಾದರೆ ಅಷ್ಟು ದಿನ ಇವರು ಹೋಗುತ್ತಿದ್ದದ್ದು ಎಲ್ಲಿಗೆ?

*

"ಇನ್ನೊಂದು ಸಂಸಾರ ಏನಾದರೂ..." ಎಂದು ತಮಾಷೆಗೆ ಶುರುಮಾಡಿದ ನಾದಿನಿ ಅತ್ತಿಗೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

"ನಗಬೇಡ ಕಣೇ. ನನಗೂ ಅದೇ ಬಂತು ತಲೆಗೆ."

"ಅಯ್ಯೋ, ಈ ವಯಸ್ಸಲ್ಲಾ? ಹಲ್ಲಿಲ್ಲದ ಬಾಯಿ ನೋಡಿ ಯಾರು ಬಾ ಅಂತಾರೆ ಅವನನ್ನ?"

"ಬಾ ಅನ್ನೋರು ಬೇಕಾಗಿಲ್ಲ. ಹೋಗೋ ಮನಸ್ಸಿದ್ದರೆ ಸಾಕು. ಆ ಮನಸ್ಸು ಅವರಿಗೆ ಮದುವೆಯಾದ ದಿನದಿಂದಲೂ ಇತ್ತು."

ಅಣ್ಣ ಎಂಥವನು ಅಂತ ನಾದಿನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ತಟ್ಟೆ ಮುಂದೆ ಕೂತಾಗಲೂ ಒಂದು ಕಾಲು ಬಾಗಿಲ ಕಡೆಗೆ ಚಾಚಿಕೊಂಡಿರುತ್ತಿದ್ದ ಹುಡುಗ. ಅವನು ಬಸ್ಸಿನ ಡ್ರೈವರಾದಾಗ ಮನೆಯವರೆಲ್ಲ, ಸದ್ಯ ಕೂತುಕೊಂಡೇ ಊರು ಸುತ್ತುವ ಕೆಲಸ ಸಿಕ್ಕಿತಲ್ಲ ಎಂದು ನಕ್ಕಿದ್ದರು.

*

ನಿವೃತ್ತಿಯಾದ ಮರುದಿನ ಡ್ರೈವರು ಎಂದಿನಂತೆ ಎದ್ದು, ಕ್ಷೌರ ಮಾಡಿಕೊಂಡು, ಇಸ್ತ್ರಿ ಶರ್ಟು ತೊಟ್ಟು, ಹೊರಡಲು ಜಾಗವಿಲ್ಲದೆ ಮನೆಯೊಳಗೇ ಅಡ್ಡಾಡಿದರು. ನಲ್ಲಿ ಬಿಚ್ಚಿ ಕೂಡಿಸಿದರು. ಕಿಟಕಿಯ ಕೀಲಿಗೆ ಎಣ್ಣೆ ಬಿಟ್ಟರು. ಮಿಷನ್ನಿನ ಪಕ್ಕ ಬಂದು ನಿಂತು, ಹೆಂಡತಿ ಹೊಲಿಯುವುದನ್ನು ನೋಡಿದರು. ನೋಡುತ್ತಿದ್ದಾರೆ ಅಂತ ಅವಳ ಕೈ ಸೊಟ್ಟಗೆ ಹೋಯಿತು. "ಒಂದು ಸುತ್ತು ಹೋಗಿ ಬನ್ನಿ," ಎಂದು ಅವಳೇ ಕಳಿಸಿದಳು.

ಹೋದವರು ಕೆರೆ ನೋಡಿಕೊಂಡು ಬಂದರು. ಅವಳು ಟೀ ಮಾಡಿದಳು. ಹಿಂದಿನ ಕೋಣೆಯಲ್ಲಿ ಮಿಷನ್ನಿನ ಮೇಲಿನ ಗಾಳಿಕಿಂಡಿಯಿಂದ ಬಿಸಿಲು ಬೀಳುವ ಜಾಗದಲ್ಲಿ ಮೋಟು ಬೆಂಚು ಎಳೆದುಕೊಂಡು ಕೂತು, ಕಿತ್ತಳೆ ಹಣ್ಣು ಸುಲಿಯುತ್ತಾ ಅವರು ಕೆರೆಯ ಸಮಾಚಾರ ಹೇಳಿದರು. ಇವತ್ತು ನೀರು ಮೆಟ್ಟಿಲು ಮುಟ್ಟಿದೆ. ದೋಣಿಯವನು ಹೆಂಡತಿಯ ಜೊತೆ ಜಗಳ ಆಡಿಕೊಂಡು ದೋಣಿಯಲ್ಲೇ ಮಲಗಿದ್ದಾನೆ. ಮದುವೆ ಗೊತ್ತಾದ ಹುಡುಗ ಹುಡುಗಿ ಬಂದು ಕೂತು ಇಬ್ಬರೂ ಮಾತಿಲ್ಲದೆ ಒಂದು ಪೊಟ್ಟಣ ಕಡಲೆಕಾಯಿ ಮುಗಿಸಿದರು. ಅವಳು ಗುಂಡಿಯ ಕಾಜಾ ಹೊಲಿಯುತ್ತಾ ಕೇಳಿದಳು. ನಡುನಡುವೆ ಅವರು ಒಂದು ತೊಳೆ ಬಿಡಿಸಿ ಅವಳ ಬಾಯಿಗಿಟ್ಟರು, ಕೈ ಬಿಡುವಿಲ್ಲವಲ್ಲ ಅಂತ. ಕೇಳಿ ಮುಗಿದ ಮೇಲೆ ಕಿತ್ತಳೆಯ ಸಿಪ್ಪೆ ಕಿಟಕಿಯ ಮೇಲೆ ಒಣಗುತ್ತಿತ್ತು, ಕೋಣೆಯೆಲ್ಲ ಘಮ್ಮೆನ್ನುತ್ತಿತ್ತು.

ಅಂದಿನಿಂದ ಅದು ದಿನಚರಿಯಾಯಿತು. ಮಳೆಗಾಲದಲ್ಲಿ ಛತ್ರಿ ಹಿಡಿದು, ಬೇಸಿಗೆಯಲ್ಲಿ ತಲೆಗೆ ಟವೆಲು ಸುತ್ತಿ. ಚಳಿಗಾಲದಲ್ಲಂತೂ ಅವರಿಗೆ ಹಬ್ಬ. ಅವಳು ಮೂರು ಬೀದಿ ದಾಟದೆ ವರ್ಷಗಳಾಗಿದ್ದವು. ಆದರೂ ಕೆರೆಯ ದಡದ ಯಾವ ಮರದಲ್ಲಿ ಯಾವ ಕೊಂಬೆ ಮುರಿದಿದೆ ಅಂತ ಅವಳಿಗೆ ಗೊತ್ತಿರುತ್ತಿತ್ತು.

ಒಂದು ದಿನ, ಯೂನಿಫಾರ್ಮಿನ ಕೆಲಸವೆಲ್ಲ ಮುಗಿದು ಕೈ ಖಾಲಿಯಾಗಿದ್ದಾಗ, "ಇವತ್ತು ನಾನೂ ಬರ್ಲಾ?" ಎಂದು ಕೇಳಿದ್ದಳು.

ಡ್ರೈವರು ಚಪ್ಪಲಿ ಮೆಟ್ಟುತ್ತಿದ್ದವರು ನಕ್ಕರು. "ನೀನೂ ಬಂದ್ರೆ ಮನೆಗೆ ಬಂದು ನಾನು ಯಾರಿಗೆ ಹೇಳ್ಲಿ?" ಎಂದು ಹೇಳಿ ಹೊರಟೇಹೋದರು.

ಬೇರೆಯವರಿಗೆ ಅದು ತಮಾಷೆಯ ಮಾತು. ಅವಳಿಗೆ ಬಾಗಿಲು ಮುಚ್ಚಿದ ಹಾಗಾಯಿತು. ಮನೆಯಿಂದ, ಮಿಷನ್ನಿನ ಸದ್ದಿನಿಂದ, ತನ್ನಿಂದ ತಪ್ಪಿಸಿಕೊಂಡು ಹೋಗುವುದಕ್ಕೇ ಅಲ್ಲವೇ ಈ ನಡಿಗೆ ಅಂದುಕೊಂಡಳು. ಮತ್ತೆಂದೂ ಕೇಳಲಿಲ್ಲ. ಅವರೂ ಕರೆಯಲಿಲ್ಲ.

*

ಕೆರೆಯ ದಡದಲ್ಲಿ ಆಟೋ ಇಳಿದ ಟೈಲರಮ್ಮ ಮೊದಲು ಮಾಡಿದ ಕೆಲಸ ದೋಣಿಗಳನ್ನು ನೋಡಿದ್ದು. ಹಗ್ಗ ಕಟ್ಟಿ ನಿಲ್ಲಿಸಿದ್ದ ದೋಣಿಗಳಿಗೆ ಬಾತುಕೋಳಿಯ ಕುತ್ತಿಗೆಗಳಿದ್ದವು, ಹೊಸ ಬಣ್ಣ ಫಳಫಳ ಹೊಳೆಯುತ್ತಿತ್ತು. ಕುತ್ತಿಗೆಯಿಂದ ಬಾಲದ ತನಕ ಎಲ್ಲವೂ ನೀಲಿ.

"ಹಸಿರು ಅಂದಿದ್ರು," ಎಂದಳು ಅವಳು.

"ಏನು ಹಸಿರು?"

"ದೋಣಿ. ನಿನ್ನೆ ಬಂದು ಹೇಳಿದ್ರು. ಬಾತುಕೋಳಿ ಕತ್ತಿನ ದೋಣಿ ಬಂದಿದೆ, ಎಲ್ಲಕ್ಕೂ ಗಿಣಿ ಹಸಿರು ಹೊಡೆದಿದ್ದಾರೆ, ಬಾತು ಯಾವುದು ಗಿಣಿ ಯಾವುದು ತಿಳಿಯಲ್ಲ ಅಂತ. ನಾನು ಎಷ್ಟು ನಕ್ಕೆ!"

ದೋಣಿಯವನು ಮರದ ಕೆಳಗೆ ಬನ್ನನ್ನು ಟೀಯಲ್ಲಿ ಅದ್ದಿ ತಿನ್ನುತ್ತಿದ್ದ. ಅವಳು ಗುರುತು ಹೇಳಿದಳು: ಎತ್ತರದ ಮನುಷ್ಯ, ಬೂದು ಸ್ವೆಟರು, ಬಸ್ ಡ್ರೈವರು, ನಿಮ್ಮ ಜೊತೆ ಹರಟೆ ಹೊಡೆಯುತ್ತಿದ್ದರು.

"ಓ, ಡ್ರೈವರ್ ಸಾಹೇಬ್ರು! ನನ್ನ ದೋಣೀಲಿ ಕೂತು, ಹಾರನ್ ಎಲ್ಲಿ ಅಂತ ಕೇಳೋರು," ಎಂದು ಅವನು ನಕ್ಕ. ಆಮೇಲೆ ನೆನಪು ಮಾಡಿಕೊಂಡ. "ಬಹಳ ದಿನ ಆಯ್ತಲ್ಲಮ್ಮ ಅವರು ಬಂದು. ಹೋದ ಚಳಿಗಾಲದಲ್ಲಿ ಒಂದು ಸಲ ಬಂದು ಇದೇ ಮರಕ್ಕೆ ಒರಗಿ ನಿಂತಿದ್ರು. ಮುಖ ಎಲ್ಲ ಬೆವರು. ನೀರು ಕೊಟ್ಟೆ. ಆಮೇಲೆ ಈ ಕಡೆ ಸುಳಿದಿಲ್ಲ. ಚೆನ್ನಾಗಿದಾರಾ?"

ನಾದಿನಿ ಉತ್ತರ ಹೇಳಲು ಹೋಗಿ ಅಳತೊಡಗಿದಳು. ಟೈಲರಮ್ಮ ಅಳಲಿಲ್ಲ. ಅವಳಿಗೆ ಮೈಯೆಲ್ಲ ಬಿಸಿಯೇರಿತ್ತು. ಶಾಲು ತೆಗೆದು ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ಒಂದು ವರ್ಷ ಕಣೇ! ಒಂದು ವರ್ಷ ದಿನಾ ನನ್ನ ಮುಂದೆ ಕೂತು ಸುಳ್ಳು ಹೇಳಿದ್ದಾರೆ ನಿಮ್ಮಣ್ಣ. ಮುಖದಲ್ಲಿ ಒಂದು ಗೆರೆ ಅಲ್ಲಾಡ್ಲಿಲ್ಲ. ನಡಿ."

"ಎಲ್ಲಿಗೆ?"

"ಮನೆಗೆ. ನಡೆದುಕೊಂಡೇ. ಅವರು ಬರ್ತಿದ್ದ ದಾರಿ ನನಗೆ ಬಾಯಿಪಾಠ."

ಹಾಗೇ ಇತ್ತು. ಕೆರೆಯ ಏರಿಯ ಮೇಲೆ ಎಡಕ್ಕೆ ತಿರುಗಿದರೆ ಗಾರೆ ಕಿತ್ತ ನೀರಿನ ಟ್ಯಾಂಕು; ಅದು ದಾಟಿದರೆ ಸೈಕಲ್ ಅಂಗಡಿ; ಅದರೆದುರು ಮೂರು ಬಣ್ಣದ ಬಾಗಿಲಿನ ಮನೆ. ತಾನು ನೋಡೇ ಇಲ್ಲದ ಬೀದಿಯಲ್ಲಿ ಟೈಲರಮ್ಮ ಹುಟ್ಟಿ ಬೆಳೆದವಳ ಹಾಗೆ ನಡೆದಳು. ನಾದಿನಿ ಯಾರದೋ ಚಪ್ಪಲಿ ಎಳೆಯುತ್ತಾ, "ಅತ್ತಿಗೆ, ನಿಧಾನ, ನನ್ನನ್ನೂ ಅಣ್ಣನ ಪಕ್ಕ ಮಲಗಿಸಬೇಕಾಗುತ್ತೆ," ಎಂದು ಏದುಸಿರುಬಿಟ್ಟಳು. ಟೈಲರಮ್ಮನ ಮಂಡಿಯೂ ನೋಯುತ್ತಿತ್ತು. ಆದರೆ ನಿಂತರೆ ಇನ್ನೂ ಹೆಚ್ಚು ನೋಯುತ್ತದೆ ಅನ್ನಿಸಿತು.

ಅರ್ಧ ದಾರಿಯಲ್ಲಿ ಒಂದು ಸಣ್ಣ ಪಾರ್ಕು. ಗೇಟಿನಲ್ಲಿ ಕೂತಿದ್ದ ಕಾವಲುಗಾರನಿಗೆ ಹೆಚ್ಚು ಗುರುತು ಹೇಳಬೇಕಾಗಲಿಲ್ಲ.

"ಬೂದು ಸ್ವೆಟರಿನವರು ತಾನೇ? ಇದೇ ಬೆಂಚು. ಮಳೆಗಾಲ ಶುರುವಾಗೋ ತನಕ ಬರ್ತಿದ್ರು. ಪಾಪ, ಬಂದ ತಕ್ಷಣ ಮಾತಾಡೋಕಾಗ್ತಿರಲಿಲ್ಲ. ಉಸಿರು ಸಮ ಆದ ಮೇಲೆ ಹೋಗೋ ಬರೋರನ್ನ ನಿಲ್ಲಿಸಿ, ಕೆರೆ ಕಡೆಯಿಂದ ಬಂದ್ರಾ, ನೀರು ಎಲ್ಲಿ ತನಕ ಇದೆ, ಹಕ್ಕಿ ಬಂದಿದಾವಾ, ದೋಣಿಯವನು ಏನು ಮಾಡ್ತಿದಾನೆ ಅಂತ ಕೇಳೋರು. ನಮ್ಮ ಹುಡುಗರೆಲ್ಲ ಅವರಿಗೆ ಕೆರೆ ಇನ್ಸ್‌ಪೆಕ್ಟರು ಅಂತ ಹೆಸರಿಟ್ಟಿದ್ರು."

"ಯಾಕೆ ಕೇಳ್ತಿದ್ರು?"

"ನಾನೂ ಒಂದು ಸಲ ಕೇಳ್ದೆ. ಮನೇಲಿ ಕೇಳ್ತಾರಪ್ಪ, ಏನಾದರೂ ಹೇಳಬೇಕು ಅಂದ್ರು."

ಟೈಲರಮ್ಮ ಆ ಬೆಂಚಿನ ಕಡೆ ನೋಡಿದಳು. ಕೂರಬೇಕೆನ್ನಿಸಿತು, ಕೂರಲಿಲ್ಲ.

"ಮಳೆಗಾಲ ಶುರುವಾದ ಮೇಲೆ?"

"ಬರಲಿಲ್ಲಮ್ಮ."

ನಾದಿನಿ ರಸ್ತೆಗೆ ಬಂದ ಮೇಲೆ ನಿಧಾನವಾಗಿ ಹೇಳಿದಳು, "ಅತ್ತಿಗೆ, ಕೆರೆಗೆ ಹೋಗೋಕಾಗಲಿಲ್ಲ, ಪಾರ್ಕಿಗೆ ಬಂದ. ಪಾರ್ಕಿಗೂ ಆಗಲಿಲ್ಲ, ಇನ್ನೂ ಈಚೆಗೆ ಎಲ್ಲೋ ಕೂತಿರಬೇಕು. ಇನ್ನೊಂದು ಸಂಸಾರವೂ ಇಲ್ಲ, ಮಣ್ಣೂ ಇಲ್ಲ."

"ಅದಲ್ಲ ಕಣೇ ಈಗ ನನ್ನ ಸಂಕಟ. ಉಸಿರು ಸಿಗದೇ ಇದ್ದರೂ ಮನೆಯಲ್ಲಿ ಕೂರಲಿಲ್ಲವಲ್ಲ. ಕೈಲಾಗದಿದ್ದರೂ ಹೊರಗೇ ಹೋಗಬೇಕಿತ್ತಲ್ಲ ಅವರಿಗೆ. ನಾನು ಅಷ್ಟು ಬೇಡವಾಗಿದ್ದೆನಾ?"

ನಾದಿನಿ ಅವಳ ತೋಳು ಹಿಡಿದುಕೊಂಡಳು. ಅಷ್ಟರಲ್ಲಿ ನಾದಿನಿಯ ಫೋನು ಹೊಡೆದುಕೊಂಡಿತು. ಮಗ. ರೈಲು ಬಂತಂತೆ, ತಂಗಿ ಸ್ಟೇಷನ್ನಿನಿಂದ ಹೊರಟಿದ್ದಾಳೆ, ವ್ಯಾನಿಗೂ ಹೇಳಿಯಾಯಿತು, ಎಲ್ಲಿದೀರಿ ನೀವು?

"ಬಂದ್ವಿ, ಬಂದ್ವಿ," ಎಂದಳು ನಾದಿನಿ. "ಅತ್ತಿಗೆ, ಇನ್ನು ಸಾಕು. ಹತ್ತಿರದ ದಾರಿ ಯಾವುದಾದರೂ ಇದೆಯಾ?"

ಹತ್ತಿರದ ದಾರಿಯೆಂದರೆ ಮನೆಯ ಹಿಂದಿನ ಓಣಿ. ಟೈಲರಮ್ಮ ಆ ಓಣಿಗೆ ಕಾಲಿಟ್ಟು ಯಾವ ಕಾಲವಾಯಿತೋ. ಅತ್ತ ಅವಳಿಗೆ ಕೆಲಸವೇ ಇರಲಿಲ್ಲ. ಗಿರಾಕಿಗಳು ಬರುವುದು ಮುಂಬಾಗಿಲಿಗೆ. ಬಟ್ಟೆಗೆ ಇಸ್ತ್ರಿ ತಾನೇ ಹಾಕಿಕೊಳ್ಳುತ್ತಿದ್ದಳು.

ಓಣಿಯ ನಡುವೆ, ಅವರ ಮನೆಯ ಹಿಂಗೋಡೆಗೆ ತಗಡಿನ ಮಾಡು ಇಳಿಸಿ, ಇಸ್ತ್ರಿ ಮಾಡುವ ಹೆಂಗಸೊಬ್ಬಳು ಮೇಜು ಹಾಕಿಕೊಂಡಿದ್ದಳು. ಮೇಜಿನಾಚೆ, ಬಿಸಿಲಿಗೆ ತೆರೆದ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟ ಹಾಗೆ ಒಂದು ಸ್ಟೂಲು. ಇಬ್ಬರೂ ಪಕ್ಕಕ್ಕೆ ಸರಿದು ದಾಟುವಷ್ಟರಲ್ಲಿ ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ಟೈಲರಮ್ಮ," ಎಂದಳು.

ಟೈಲರಮ್ಮ ನಿಂತಳು.

"ಎರಡು ಸಲ ನಿಮ್ಮ ಬಾಗಿಲ ತನಕ ಬಂದೆ ಅಮ್ಮ, ಬೆಳಿಗ್ಗೆಯಿಂದ. ಯಾರು ನೀನು ಅಂತ ಕೇಳಿದರೆ ಏನು ಹೇಳ್ಲಿ ಅಂತ ವಾಪಸ್ಸು ಬಂದೆ." ಅವಳ ಕಣ್ಣುಗಳು ಊದಿಕೊಂಡಿದ್ದವು. "ನಿನ್ನೆ ಕೂಡ ಇಲ್ಲೇ ಕೂತಿದ್ರು."

"ಎಲ್ಲಿ?"

ಅವಳು ಸ್ಟೂಲು ತೋರಿಸಿದಳು.

"ಮಳೆಗಾಲದಿಂದ ದಿನಾ. ಮುಂಬಾಗಿಲಿಂದ ಹೊರಟು, ಗೋಡೆ ಹಿಡ್ಕೊಂಡು ಮೂಲೆ ತಿರುಗಿ ಇಲ್ಲಿಗೆ ಬರೋರು. ನಿಮಗೆ ಹೇಳಬಾರದು ಅಂತ ನನ್ನಿಂದ ಮಾತು ತಗೊಂಡಿದ್ರು."

ನಾದಿನಿ ಗೋಡೆಯನ್ನೂ, ಗೋಡೆಯ ಮೇಲಿನ ಗಾಳಿಕಿಂಡಿಯನ್ನೂ ನೋಡಿದಳು. ಕಿಂಡಿಯ ಆಚೆ ಇರುವುದೇ ಹೊಲಿಗೆಯ ಕೋಣೆ.

"ಇಲ್ಲಿ ಕೂತು ಏನು ಮಾಡ್ತಿದ್ರು?" ಟೈಲರಮ್ಮನ ದನಿ ಒರಟಾಗಿತ್ತು.

"ಏನೂ ಇಲ್ಲ. ಬಿಸಿಲು ಕಾಯಿಸೋರು. ನಿಮ್ಮ ಮಿಷನ್ ಕೇಳೋರು. ಮಿಷನ್ ನಿಂತರೆ ತಲೆ ಎತ್ತಿ, 'ನೂಲು ಹರೀತು' ಅನ್ನೋರು. ಮತ್ತೆ ಶುರುವಾದರೆ, 'ಹಾಂ, ಹೊರಟಿತು' ಅನ್ನೋರು, ಸ್ಟಾಪಿಂದ ಬಸ್ಸು ಹೊರಟ ಹಾಗೆ. ನೀವು ಹಾಡಿದರೆ ನನಗೆ, 'ಮೆತ್ತಗೆ ಉಜ್ಜೇ, ಕೇಳಿಸ್ತಿಲ್ಲ' ಅಂತ ಗದರೋರು."

"ನಾನು ಹಾಡ್ತೀನಾ?"

"ಅಯ್ಯೋ, ನಿಮಗೆ ಗೊತ್ತಿಲ್ವಾ? ಯಾರೂ ಇಲ್ಲ ಅಂದ್ಕೊಂಡಾಗ ಹಾಡ್ತೀರಿ. ಶ್ರುತಿ ಇಲ್ಲ, ಆದರೂ ಹಾಡ್ತೀರಿ. ಯಜಮಾನ್ರೇ ಹೇಳಿದ್ದು, ನಾನಲ್ಲ."

ನಾದಿನಿ ಅಳುತ್ತಿದ್ದವಳು ಫಕ್ಕನೆ ನಕ್ಕುಬಿಟ್ಟಳು.

"ಕೆರೆ ಸುದ್ದಿ?" ಎಂದಳು ಟೈಲರಮ್ಮ.

"ನನ್ನ ಗಂಡ ಸೈಕಲ್ಲಲ್ಲಿ ಆ ಕಡೆ ಮನೆಗಳಿಗೆ ಬಟ್ಟೆ ಕೊಟ್ಟು ಬರ್ತಾನೆ. ಅವನನ್ನ ಹಿಡ್ಕೊಂಡು ಕೇಳೋರು. ಅವನು ಬರೋದು ತಡ ಆದರೆ ಚಡಪಡಿಸೋರು. 'ಟೀ ಹೊತ್ತಾಯ್ತು, ಬರಿಗೈಲಿ ಹೇಗೆ ಹೋಗ್ಲಿ' ಅನ್ನೋರು."

"ನಿನ್ನ ಗಂಡ ದೋಣಿ ಹಸಿರು ಅಂದ್ನಾ?"

"ಅವನಿಗೆ ಹಸಿರು ನೀಲಿ ಎರಡೂ ಒಂದೇ ಅಮ್ಮ. ದಿನಾ ಒಂದು ಬಟ್ಟೆ ಅದಲುಬದಲು ಮಾಡಿ ಬೈಸ್ಕೋತಾನೆ."

ಟೈಲರಮ್ಮ ಸ್ಟೂಲಿನ ಹಿಂದಿನ ಗೋಡೆಯನ್ನು ನೋಡಿದಳು. ಸುಣ್ಣ ಒಂದು ಬೆನ್ನಿನ ಅಗಲಕ್ಕೆ ಸವೆದು, ಒಳಗಿನ ಗಾರೆ ನುಣ್ಣಗೆ ಹೊಳೆಯುತ್ತಿತ್ತು. ಅವಳು ಅದರ ಮೇಲೆ ಅಂಗೈ ಇಟ್ಟಳು. ಬಿಸಿಲಿಗೆ ಬೆಚ್ಚಗಿತ್ತು. ತಕ್ಷಣ ಅದೇ ಅಂಗೈಯಿಂದ ಗೋಡೆಗೆ ಪಟಾರನೆ ಒಂದು ಏಟು ಕೊಟ್ಟಳು.

"ಒಂದು ಗೋಡೆ! ಒಳಗೆ ಬಂದು ನನ್ನ ಪಕ್ಕ ಕೂತಿದ್ದರೆ ಏನಾಗ್ತಿತ್ತು ಇವರಿಗೆ? ಇದನ್ನ ಯಾರಾದರೂ ಹೇಳಿ ನನಗೆ."

"ನಾನೂ ಅದನ್ನೇ ಕೇಳಿದ್ದೆ ಅಮ್ಮ," ಎಂದಳು ಇಸ್ತ್ರಿಯವಳು. "'ಗೊತ್ತಾದರೆ ಅವಳು ಮಿಷನ್ ಮುಚ್ಚಿ ನನ್ನ ಮುಖ ನೋಡ್ತಾ ಕೂತುಬಿಡ್ತಾಳೆ. ಆಮೇಲೆ ಮನೇಲಿ ಇಬ್ಬರು ರೋಗಿಗಳು. ಆ ಮಿಷನ್ ಓಡ್ತಿರಬೇಕು ಕಣೇ' ಅಂದ್ರು."

ಟೈಲರಮ್ಮ ಸ್ಟೂಲಿನ ಮೇಲೆ ಕೂತಳು. ಬೆಳಗಿನಿಂದ ಅವಳು ಕೂರಬೇಕು ಅನ್ನಿಸಿ ಕೂತದ್ದು ಅದೇ ಮೊದಲು. ಬೆನ್ನು ಗೋಡೆಗೆ ತಾಗಿತು. ಬಿಸಿಲು ಮೊಣಕಾಲಿನ ಮೇಲೆ ಬಿತ್ತು. ಗಾಳಿಕಿಂಡಿಯಿಂದ ಅವಳ ಮನೆ ಕೇಳಿಸತೊಡಗಿತು. ಕುರ್ಚಿ ಎಳೆದ ಸದ್ದು. ಯಾರೋ ಕೆಮ್ಮಿದರು. ಹೊಲಿಗೆಯ ಕೋಣೆಗೆ ಬಂದ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

"ಬಿಳೀ ಬಟ್ಟೆ ಇನ್ನೊಂದು ಬೇಕಂತೆ. ಟೈಲರ್ ಮನೆ, ಒಂದು ತುಂಡು ಬಟ್ಟೆ ಕೈಗೆ ಸಿಗ್ತಿಲ್ಲ ನೋಡು."

"ಬೀರು ನೋಡಿದ್ಯಾ?"

"ನೋಡ್ದೆ. ಬರೀ ಖಾಕಿ."

"ಬಾಗಿಲ ಹಿಂದಿನ ಟ್ರಂಕಲ್ಲಿದೆ ಕಣ್ರೇ," ಎಂದಳು ಟೈಲರಮ್ಮ, ಗೋಡೆಗೆ. ಜೋರಾಗಿ ಹೇಳಲಿಲ್ಲ. ಒಳಗಿನವರಿಗೆ ಕೇಳಿಸಲಿಲ್ಲ. ಹೀಗೇ ಅವರೂ ಎಷ್ಟೋ ಸಲ ಇಲ್ಲಿ ಕೂತು, ಕತ್ತರಿ ಎಲ್ಲಿಟ್ಟೆ ಅಂತ ತಾನು ಒಬ್ಬಳೇ ಗೊಣಗಿಕೊಂಡಾಗ ಉತ್ತರ ಕೊಟ್ಟಿರಬೇಕು. ಶಾಲಿನ ಸುರುಳಿಯಲ್ಲಿ ಮುಖ ಹುದುಗಿಸಿ ಅವಳು ಅತ್ತಳು. ಮೈಯೆಲ್ಲ ಅಲುಗುವ ಹಾಗೆ, ಸದ್ದಿಲ್ಲದೆ. ನಾದಿನಿ ಪಕ್ಕದಲ್ಲಿ ನಿಂತು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

ಗೋಡೆಯಾಚೆ ಒಂದು ಹೊಸ ದನಿ, "ಅಪ್ಪಾ," ಎಂದು ಕೂಗಿತು. ಮಗಳು ಬಂದಿದ್ದಳು.

ಟೈಲರಮ್ಮ ಎದ್ದಳು.

*

ವ್ಯಾನು ದೊಡ್ಡ ರಸ್ತೆಯಲ್ಲಿ ನಿಂತಿತ್ತು. ಅಲ್ಲಿ ತನಕ ಹೊತ್ತುಕೊಂಡೇ ಹೋಗಬೇಕು. ಎಲ್ಲ ಮುಗಿಸಿ ಎತ್ತುವ ಹೊತ್ತಿಗೆ ಟೈಲರಮ್ಮ, "ಹಿಂದಿನ ಓಣಿಯಿಂದ," ಎಂದಳು.

ಮಗನಿಗೆ ಸಿಟ್ಟು ಬಂತು. ಅಳು ತಡೆದು ತಡೆದು ಬಂದ ಸಿಟ್ಟು. "ಅಮ್ಮಾ, ನಿನಗೆ ಇವತ್ತು ಏನಾಗಿದೆ? ಆ ಓಣೀಲಿ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರೀಬೇಕು. ಮುಂದಿನ ಬೀದೀಲಿ ವ್ಯಾನು ಹಿಡಿಸದಿದ್ದರೂ ನಾಲ್ಕು ಜನ ಸಲೀಸಾಗಿ ಹೋಗಬಹುದು."

"ನಿಮ್ಮಪ್ಪ ಅದಕ್ಕಿಂತ ಇಕ್ಕಟ್ಟಾದ ಕಡೆ ಬಸ್ಸು ಹೊರಳಿಸಿದ್ದಾರೆ. ನೀವು ನಾಲ್ಕು ಜನ ಒಬ್ಬರನ್ನ ಹೊರಳಿಸಿ."

"ಯಾಕೆ ಅಂತ ಆದರೂ ಹೇಳು."

"ಹೇಳ್ತೀನಿ. ಇವತ್ತಲ್ಲ."

ನಾದಿನಿ ಸೋದರಳಿಯನ ಹೆಗಲ ಮೇಲೆ ಕೈಯಿಟ್ಟಳು. "ಹೋಗಲಿ ಕಣೋ. ಅವನ ದಾರಿ ಅದು."

ಮಗ ಅತ್ತೆಯ ಮುಖ ನೋಡಿದ. ಆಮೇಲೆ ಬಗ್ಗಿ ಚಟ್ಟದ ಮುಂದಿನ ಕೊನೆಗೆ ಹೆಗಲು ಕೊಟ್ಟ.

ಮೂಲೆಯಲ್ಲಿ ತಿರುಗಿಸುವುದು ನಿಜಕ್ಕೂ ಕಷ್ಟವಾಯಿತು. ಮುಂದಿದ್ದವರು ನಿಂತರು, ಹಿಂದಿದ್ದವರು ಎತ್ತರಿಸಿದರು, "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಹಾಂ, ಬಿಡಿ," ಎಂದು ಯಾರೋ ಬಸ್ಸಿಗೆ ಹೇಳುವ ಹಾಗೆಯೇ ಹೇಳಿದರು. ಹೊರಳಿ ಓಣಿಗೆ ಬಂದಾಗ ಇಸ್ತ್ರಿಯವಳಿಗೆ ಗಡಿಬಿಡಿಯಾಯಿತು. ಮೇಜನ್ನು ಮಡಚಿ ಗೋಡೆಗೆ ಆನಿಸಿದಳು. ಸ್ಟೂಲನ್ನು ಒಳಗೆ ತಳ್ಳಿದಳು. ಬೆಳಗಿನಿಂದ ಇಸ್ತ್ರಿ ಮಾಡಿ ಪೇರಿಸಿದ್ದ ಬಟ್ಟೆಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಅಷ್ಟನ್ನೂ ಎರಡು ತೋಳಿನ ಮೇಲೆ ಹೊತ್ತು, ಎದೆಗೆ ತಾಗದ ಹಾಗೆ ಮುಂದೆ ಹಿಡಿದು, ಗೋಡೆಗೆ ಅಂಟಿ ನಿಂತಳು.

ಅವರು ದಾಟಿದರು. ಹಿಂದೆ ಮಗಳು, ನಾದಿನಿ, ನೆರೆಯವರು ಒಬ್ಬೊಬ್ಬರಾಗಿ ದಾಟಿದರು. ಇಸ್ತ್ರಿಯವಳ ಕಣ್ಣಿಂದ ಧಾರಾಕಾರವಾಗಿ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲು ಕೈಯಿರಲಿಲ್ಲ. ಯಾರದೋ ಬಿಳಿ ಶರ್ಟಿನ ಮೇಲೆ ಹನಿ ಬೀಳಬಾರದೆಂದು ಅವಳು ಗಲ್ಲವನ್ನು ಮೇಲೆತ್ತಿ, ಆಕಾಶ ನೋಡುವವಳ ಹಾಗೆ ನಿಂತಿದ್ದಳು.

ಟೈಲರಮ್ಮ ಅವಳ ಮುಂದೆ ನಿಂತಳು. ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅವಳ ಒಂದು ಕೆನ್ನೆ ಒರೆಸಿದಳು, ಇನ್ನೊಂದು ಕೆನ್ನೆ ಒರೆಸಿದಳು, ಗಲ್ಲದ ಕೆಳಗೆ ಇಳಿಯುತ್ತಿದ್ದ ಹನಿಯನ್ನು ಶರ್ಟಿಗೆ ಬೀಳುವ ಮೊದಲೇ ಹಿಡಿದಳು. ಆಮೇಲೆ ಶಾಲನ್ನು ಹೆಗಲಿಗೆ ಹಾಕಿಕೊಂಡು, ಆಗಲೇ ದೊಡ್ಡ ರಸ್ತೆ ಮುಟ್ಟಿದ್ದವರನ್ನು ಸೇರಿಕೊಳ್ಳಲು ಬೇಗ ಬೇಗ ಹೆಜ್ಜೆ ಹಾಕಿದಳು.